ಸೆರೆಮನೆಯ ಹೊರಗಿನ ಬಿನ್ನಪ: ಈಚ್ಚರ ವಾರಿಯರ್ ಅವರ ಸ್ಮೃತಿಕಥನವನ್ನು ಕುರಿತು

ನಮ್ಮ ವಿಮರ್ಶೆಯಲ್ಲಿ 'ಸೆರೆಮನೆ ಸಾಹಿತ್ಯ' ಎಂಬ ಹೆಸರು ಬಹುಮಟ್ಟಿಗೆ ಸೆರೆಯೊಳಗೆ ಇದ್ದವರ ಬರವಣಿಗೆಗೇ ಮೀಸಲಾಗಿದೆ. ಬಾಗಿಲ ಹೊರಗೆ ನಿಂತ ತಾಯಿ, ತಂದೆ, ಮಡದಿ, ಮಕ್ಕಳು ಅಲ್ಲಿ ಭೇಟಿಯ ದಿನಗಳಲ್ಲಷ್ಟೇ ಸುಳಿದು ಮರೆಯಾಗುತ್ತಾರೆ. ಹೀಗೆ ಹೊರಗೆ ನಿಂತವರ ಮಾತಿಗೂ ತನ್ನದೇ ಆದ ರೂಪವಿದೆ, ಪರಂಪರೆಯಿದೆ ಎಂಬುದನ್ನು ಈಚ್ಚರ ವಾರಿಯರ್ ಅವರ ಮಲಯಾಳಂ ಸ್ಮೃತಿಕಥನ 'ಒರು ಅಚ್ಛನ್ಟೆ ಓರ್ಮಕ್ಕುರಿಪ್ಪುಗಳ್' ಆಧಾರದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇಂಗ್ಲಿಷ್ ಅನುವಾದವನ್ನೇ ಇಲ್ಲಿ ಆಕರವಾಗಿ ಬಳಸಿಕೊಂಡಿದೆ.

ಕೃತಿಯ ಹಿನ್ನೆಲೆ ಸುಪರಿಚಿತವಾದುದು. ವಾರಿಯರ್ ಹಿಂದಿ ಅಧ್ಯಾಪಕರು. ಅವರ ಮಗ ರಾಜನ್ ಕಲ್ಲಿಕೋಟೆಯ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ. ತುರ್ತುಪರಿಸ್ಥಿತಿಯ ಕಾಲದಲ್ಲಿ, ೧೯೭೬ರ ಮಾರ್ಚ್ ೧ರಂದು, ಪೊಲೀಸರು ಅವನನ್ನು ಹಿಡಿದು ಕಕ್ಕಯಂ ಶಿಬಿರಕ್ಕೆ ಒಯ್ದರು. ಅವನು ಹಿಂದಿರುಗಲಿಲ್ಲ. ಅದೇ ವರ್ಷದ ಏಪ್ರಿಲ್ ೨೮ರಂದು ಸರ್ವೋಚ್ಚ ನ್ಯಾಯಾಲಯವು ಜಬಲ್ಪುರ ಪ್ರಕರಣದಲ್ಲಿ, ತುರ್ತುಪರಿಸ್ಥಿತಿ ಜಾರಿಯಲ್ಲಿರುವಾಗ ಬಂಧಿತರು ಹೇಬಿಯಸ್ ಕಾರ್ಪಸ್ ಮೂಲಕ ತಮ್ಮ ಬಂಧನವನ್ನು ಪ್ರಶ್ನಿಸುವಂತಿಲ್ಲವೆಂದು ತೀರ್ಪಿತ್ತಿತು. ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರೇ ಭಿನ್ನಮತವನ್ನು ದಾಖಲಿಸಿದರು. ಆ ತೀರ್ಪು ರದ್ದಾಗಲು ೨೦೧೭ರವರೆಗೆ ಕಾಯಬೇಕಾಯಿತು. ಅದನ್ನು ರದ್ದುಗೊಳಿಸಿದ ಮೊಕದ್ದಮೆಯು ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಹೆಸರಿನದು ಎಂಬುದು ಗಮನಾರ್ಹ.

ಹಳಗನ್ನಡ, ನಡುಗನ್ನಡ ಶಾಸನಗಳನ್ನು ಓದಿದವರಿಗೆ 'ಬಿನ್ನಪ' ಎಂಬ ಮಾತು ಚಿರಪರಿಚಿತ. ಯಾರೋ ಒಬ್ಬರು ಅರಸನಿಗೆ ಬಿನ್ನಪಂಗೆಯ್ಯುತ್ತಾರೆ, ಅರಸನು ಮನ್ನಿಸಿ ದತ್ತಿ ಬಿಡುತ್ತಾನೆ, ಅದು ಕಲ್ಲಿನ ಮೇಲೆ ಬರಹವಾಗುತ್ತದೆ. ಆದರೆ ಕಲ್ಲಿಗೆ ಏರಿದ್ದು ಸಾಮಾನ್ಯವಾಗಿ ಮನ್ನಣೆ ಪಡೆದ ಬಿನ್ನಪ ಮಾತ್ರ. ತಿರಸ್ಕೃತವಾದ ಬಿನ್ನಪಗಳಿಗೆ ಶಾಸನವಿಲ್ಲ. ಪ್ರಭುತ್ವವು ತನ್ನ ಔದಾರ್ಯವನ್ನು ದಾಖಲಿಸುತ್ತದೆ, ತನ್ನ ಮೌನವನ್ನು ದಾಖಲಿಸುವುದಿಲ್ಲ. ವಾರಿಯರ್ ಅವರ ಕೃತಿಯನ್ನು ಈ ಹಿನ್ನೆಲೆಯಲ್ಲಿ ಓದಿದಾಗ ಅದರ ಸ್ವರೂಪ ಸ್ಪಷ್ಟವಾಗುತ್ತದೆ. ಶಿಬಿರದ ಬಾಗಿಲಿನಿಂದ ಮಂತ್ರಿಗಳ ಮನೆಯವರೆಗೆ, ಅಲ್ಲಿಂದ ದಿಲ್ಲಿಗೆ ಬರೆದ ಮನವಿಗಳವರೆಗೆ, ಉತ್ತರ ದೊರೆಯದ ಬಿನ್ನಪಗಳ ದಾಖಲೆ ಅದು.

ಈ ಪರಂಪರೆಯಲ್ಲಿ ದಕ್ಷಿಣ ಭಾರತಕ್ಕೆ ಇರುವ ಮಹತ್ತರ ಮಾದರಿ 'ಶಿಲಪ್ಪದಿಕಾರ'ದ ಕಣ್ಣಗಿ. ವಿಚಾರಣೆಯಿಲ್ಲದೆ ಕೊಲೆಗೀಡಾದ ಗಂಡನ ಪರವಾಗಿ ಅವಳು ಪಾಂಡ್ಯನ ಸಭೆಗೆ ನಡೆದು ಕಾಲಂದುಗೆಯನ್ನು ಒಡೆಯುತ್ತಾಳೆ. ಅರಸಿಯ ಅಂದುಗೆಯಲ್ಲಿ ಇದ್ದುದು ಮುತ್ತು, ಇವಳದರಿಂದ ಸಿಡಿದುದು ಮಾಣಿಕ್ಯ. ಅರಸನು ತನ್ನ ತಪ್ಪನ್ನು ಒಪ್ಪಿ ಅಲ್ಲಿಯೇ ಪ್ರಾಣ ಬಿಡುತ್ತಾನೆ. ಇಲ್ಲಿ ಎರಡು ಸಂಗತಿಗಳು ಮುಖ್ಯ: ಸಾಕ್ಷ್ಯವು ಬೇಡುವವಳ ಕೈಯಲ್ಲಿಯೇ ಇದೆ, ಅರಸನಿಗೆ ನಾಚಿಕೆ ಇದೆ. ಆಧುನಿಕ ಪ್ರಭುತ್ವದ ಎದುರು ನಿಂತ ತಂದೆಗೆ ಈ ಎರಡೂ ಇಲ್ಲ. ಮಗನನ್ನು ಹಿಡಿದವರ ಬಳಿಯೇ ಎಲ್ಲ ಸಾಕ್ಷ್ಯವೂ ಇದೆ. ಅವರ ಉತ್ತರವಾದರೋ, ನಾವು ಅವನನ್ನು ಬಂಧಿಸಿಯೇ ಇಲ್ಲವೆಂಬುದು.

೧೯೭೭ರ ಮಾರ್ಚಿಯಲ್ಲಿ ತುರ್ತುಪರಿಸ್ಥಿತಿ ತೆರವಾದ ಕೆಲವೇ ದಿನಗಳಲ್ಲಿ ವಾರಿಯರ್ ಕೇರಳ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಸಲ್ಲಿಸಿದರು. ರಾಜನ್‌ನನ್ನು ಹಿಡಿದುದನ್ನೂ ಶಿಬಿರದಲ್ಲಿ ಇದ್ದುದನ್ನೂ ಕಂಡವರು ಬಂದು ಸಾಕ್ಷಿ ನುಡಿದರು. ಅವನು ಪೊಲೀಸರ ವಶದಲ್ಲಿ ಇದ್ದನೆಂದು ಏಪ್ರಿಲ್ ೧೩ರಂದು ನ್ಯಾಯಾಲಯ ತೀರ್ಮಾನಿಸಿತು. ತುರ್ತುಪರಿಸ್ಥಿತಿಯಲ್ಲಿ ಗೃಹಮಂತ್ರಿಯಾಗಿದ್ದು ಆಗಷ್ಟೇ ಮುಖ್ಯಮಂತ್ರಿಯಾಗಿದ್ದ ಕೆ. ಕರುಣಾಕರನ್ ಅದೇ ತಿಂಗಳು ರಾಜೀನಾಮೆ ನೀಡಬೇಕಾಯಿತು. ಶಿಬಿರದಲ್ಲಿ ಸಾವು ಸಂಭವಿಸಿದ್ದು ಅನಂತರ ಒಪ್ಪಿತವಾಯಿತು. ಹೇಬಿಯಸ್ ಕಾರ್ಪಸ್ ಎಂದರೆ ದೇಹವನ್ನು ತಂದೊಪ್ಪಿಸು ಎಂಬ ಅಪ್ಪಣೆ. ಆ ದೇಹ ಮಾತ್ರ ಎಂದಿಗೂ ಸಿಗಲಿಲ್ಲ. ಕಣ್ಣಗಿಗೆ ಹಿಮಾಲಯದಿಂದ ಕಲ್ಲು ಬಂದಿತು, ನಮ್ಮ ಊರುಗಳಲ್ಲಿ ಮಡಿದವರಿಗೆ ವೀರಗಲ್ಲುಗಳು ನಿಂತವು. ದೇಹವೇ ದೊರೆಯದ ಮಗನಿಗೆ ತಂದೆಯ ಬರಹವೇ ಕಲ್ಲಾಗಬೇಕಾಯಿತು.

ಈ ಕೃತಿಯನ್ನು ಕರುಣರಸದ ನೆಲೆಯಲ್ಲಿ ಮಾತ್ರ ಓದುವ ಅಪಾಯವಿದೆ. ಅದಕ್ಕೆ ಅವಕಾಶ ಕೊಡುವ ಭಾಗಗಳು ಇಲ್ಲದಿಲ್ಲ. ಬಾರದ ಮಗನಿಗಾಗಿ ರಾತ್ರಿಯ ಊಟದಲ್ಲಿ ಪಾಲು ತೆಗೆದಿಡುವುದು, ಮನಸ್ಸು ಕುಸಿದ ಪತ್ನಿಯಿಂದ ಮಗನ ಸಾವನ್ನು ಮುಚ್ಚಿಡುವುದು, ಕೊನೆಯಲ್ಲಿ ಬರುವ ಮಳೆಯ ಚಿತ್ರ ಯಾವ ಓದುಗನನ್ನಾದರೂ ಕಲಕುತ್ತವೆ. ಶಾಜಿ ಎನ್. ಕರುಣ್ ಅವರ 'ಪಿರವಿ' ಚಿತ್ರ ಈ ಪ್ರಕರಣದಿಂದ ಪ್ರೇರಣೆ ಪಡೆದು ಕಾಯುವಿಕೆಯನ್ನೇ ಕೇಂದ್ರವಾಗಿಸಿಕೊಂಡಿತು. ಆದರೆ ಕೃತಿಯ ನಿಜವಾದ ಚಲನೆ ಭಾಷೆಯಲ್ಲಿ ನಡೆಯುತ್ತದೆ. ಮಂತ್ರಿಗಳ ಮುಂದೆ ವಾರಿಯರ್ ದಯೆಯನ್ನು ಬೇಡುತ್ತಾರೆ. ನ್ಯಾಯಾಲಯದಲ್ಲಿ ಉತ್ತರವನ್ನು ಕೇಳುತ್ತಾರೆ. ಬಿನ್ನಪವು ಪ್ರಶ್ನೆಯಾಗಿ ಮಾರ್ಪಡುವ ಈ ಕ್ಷಣದಲ್ಲಿ ಪ್ರಜೆಯು ನಾಗರಿಕನಾಗುತ್ತಾನೆ. ಕೃತಿಯಲ್ಲಿ ನೆನಪು ಹಿಂದೆ ಮುಂದೆ ಸಾಗುತ್ತ ಕಾಲಕ್ರಮವನ್ನು ಮುರಿಯುವುದರಿಂದ ಈ ಪಲ್ಲಟ ಕೆಲವೆಡೆ ಮಸುಕಾಗುತ್ತದೆ ಎಂಬುದೂ ನಿಜ.

ಕನ್ನಡದ ನೆಲಕ್ಕೂ ಈ ವಿಚಾರ ಹೊರತಲ್ಲ. ೧೯೭೬ರ ಮೇ ೧ರಂದು ಬೆಂಗಳೂರಿನಲ್ಲಿ ಲಾರೆನ್ಸ್ ಫರ್ನಾಂಡಿಸ್ ಅವರನ್ನು ಪೊಲೀಸರು ಹಿಡಿದೊಯ್ದು ಹಿಂಸಿಸಿದಾಗ ತಾಯಿ ಆಲಿಸ್ ಫರ್ನಾಂಡಿಸ್ ರಾಷ್ಟ್ರಪತಿಗಳಿಗೆ ಪತ್ರ ಬರೆದರು. ಮರುದಿನ ಬಂಧಿತರಾದ, 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಸೆರೆಮನೆಯಲ್ಲಿ ಅಸ್ತಮಾದಿಂದ ನರಳಿ, ೧೯೭೭ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರ ದಿನಚರಿ ಅದೇ ವರ್ಷ ಪ್ರಕಟವಾಯಿತು. ದಿನಚರಿಯನ್ನು ಸಾಹಿತ್ಯವೆಂದು ಪರಿಗಣಿಸುವ ನಾವು ತಾಯಿಯ ಪತ್ರವನ್ನು ಕೇವಲ ರಾಜಕೀಯ ದಾಖಲೆಯೆಂದು ಬದಿಗಿರಿಸುತ್ತೇವೆ. ಈ ವಿಂಗಡಣೆಗೆ ಸಾಹಿತ್ಯಕ ಸಮರ್ಥನೆ ಇಲ್ಲವೆಂದು ನನ್ನ ಅಭಿಪ್ರಾಯ. ಎರಡೂ ಒಂದೇ ಗೋಡೆಯ ಎರಡು ಮಗ್ಗುಲುಗಳಿಂದ ಬಂದ ಮಾತುಗಳು.

ಇದು ಗತಕಾಲದ ಚರ್ಚೆಯೂ ಅಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ೨೦೨೨ರ ಅಂಕಿಅಂಶಗಳಂತೆ ದೇಶದ ಬಂದಿಗಳಲ್ಲಿ ನೂರಕ್ಕೆ ಎಪ್ಪತ್ತೈದಕ್ಕೂ ಹೆಚ್ಚು ಮಂದಿ ವಿಚಾರಣಾಧೀನರು. ಅವರಲ್ಲಿ ಅನೇಕರ ಹಿಂದೆ ಅರ್ಜಿ ಹಿಡಿದು ಅಲೆಯುವ ಒಂದೊಂದು ಕುಟುಂಬವಿರುತ್ತದೆ. ಸೆರೆಮನೆ ಸಾಹಿತ್ಯದ ವ್ಯಾಖ್ಯೆಯನ್ನು ಹೊರಬಾಗಿಲವರೆಗೆ ವಿಸ್ತರಿಸಿ, ಇಂಥ ಪತ್ರ, ಅರ್ಜಿ, ಸ್ಮೃತಿಕಥನಗಳನ್ನು ಭಾಷೆಯ ಗಡಿ ಮೀರಿ ಸಂಗ್ರಹಿಸಿ ಕನ್ನಡಕ್ಕೆ ತಂದುಕೊಳ್ಳುವುದು ಹೊರನಾಡಿನ ಕನ್ನಡ ಪೀಠಗಳು ಕೈಗೊಳ್ಳಬಹುದಾದ ಕೆಲಸ. ಹಲವು ಭಾಷೆಗಳ ನೆರೆಯಲ್ಲಿ ನೆಲೆಸಿರುವ ಅವುಗಳಿಗೆ ಅದು ಸಹಜವೂ ಆದುದು.