ಬಣ್ಣಕ್ಕಾಗಿಯೇ ಕಡೆದ ಕುರ್ಚಿ

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಪೀಠೋಪಕರಣಗಳ ಮಾತು ಬಂದಾಗಲೆಲ್ಲ ಮರದ ಪಕ್ಷದವರು ಒಂದೇ ವಾದವನ್ನು ಮುಂದಿಡುತ್ತಾರೆ: ಎಳೆ ಕಾಣುವಂತೆ ಹೊಳಪು ಕೊಟ್ಟ ಮಹಾಗನಿಯೇ ಕುಲೀನ, ಬಣ್ಣವೆಂಬುದು ಅಗ್ಗದ ಮರದ ಕೊರತೆಯನ್ನು ಮುಚ್ಚುವ ಉಪಾಯ. ಲಂಡನ್ನಿನ ಪಶ್ಚಿಮಕ್ಕಿರುವ ಆಸ್ಟರ್ಲಿ ಪಾರ್ಕ್ ಭವನದ ಎಟ್ರುಸ್ಕನ್ ಕೋಣೆಯನ್ನು ಗಮನವಿಟ್ಟು ನೋಡಿದವರಿಗೆ ಈ ವಾದ ನಿಲ್ಲದೆಂಬುದು ತಿಳಿಯುತ್ತದೆ. ಬ್ಯಾಂಕ್ ಒಡೆಯ ರಾಬರ್ಟ್ ಚೈಲ್ಡ್‌ಗಾಗಿ ವಾಸ್ತುಶಿಲ್ಪಿ ರಾಬರ್ಟ್ ಆಡಂ ರೂಪಿಸಿದ ಈ ಕೋಣೆಯಲ್ಲಿ ಪ್ರಾಚೀನ ಗ್ರೀಕ್ ಹೂಜಿಗಳ ಕಪ್ಪು ಮತ್ತು ಕಾವಿ ವರ್ಣಗಳು ಗೋಡೆಯಿಂದ ಕುರ್ಚಿಯವರೆಗೂ ಹರಿದಿವೆ. ಇಟಲಿಯ ಸಮಾಧಿಗಳಲ್ಲಿ ದೊರೆತ ಆ ಹೂಜಿಗಳನ್ನು ಅಂದಿನವರು ಅಲ್ಲಿನ ಪ್ರಾಚೀನ ಎಟ್ರುಸ್ಕನ್ ಜನರ ಕೃತಿಗಳೆಂದು ನಂಬಿದ್ದರು. 1776ರಲ್ಲಿ ಆಡಂ ವಿನ್ಯಾಸ ಬರೆದ ಆ ಕುರ್ಚಿಗಳು ಬೀಚ್ ಮರದವು. ಅವುಗಳ ಬಣ್ಣವನ್ನು ತೆಗೆದರೆ ಕುರ್ಚಿ ಮಾತ್ರವಲ್ಲ, ಗೋಡೆಯ ಚಿತ್ತಾರವೂ ಅರ್ಧಕ್ಕೆ ನಿಲ್ಲುತ್ತದೆ. ಆ ಕಾಲದ ಲೇಖಕ ಹೊರೇಸ್ ವಾಲ್‌ಪೋಲ್‌ಗೆ ಈ ಕೋಣೆ ಹಿಡಿಸಲಿಲ್ಲವೆಂಬುದು ಪ್ರಸಿದ್ಧ ಸಂಗತಿ. ಅವನ ಅಭಿರುಚಿಗೆ ಸಲ್ಲಬೇಕಾದ ಗೌರವ ಸಲ್ಲಿಸಿಯೂ ಈ ಒಂದು ತೀರ್ಪನ್ನು ಒಪ್ಪಲಾಗದು.

ಬಣ್ಣದ ಪಕ್ಷಕ್ಕೆ ಅತ್ಯುತ್ತಮ ಸಾಕ್ಷಿ ಪೀಠೋಪಕರಣ ತಯಾರಕ ಜಾರ್ಜ್ ಹೆಪಲ್‌ವೈಟ್‌ನ ಮಾದರಿ ಗ್ರಂಥ. ಅವನು ತೀರಿಕೊಂಡ ಬಳಿಕ ಪತ್ನಿ ಆಲಿಸ್ 1788ರಲ್ಲಿ ಪ್ರಕಟಿಸಿದ ಆ ಗ್ರಂಥವು, ಕುರ್ಚಿಗಳಿಗೆ ಬಣ್ಣ ಅಥವಾ ಜಪಾನಿಂಗ್, ಅಂದರೆ ಏಷ್ಯಾದ ಅರಗಿನ ಮೆರುಗನ್ನು ಹೋಲುವ ಲೇಪ, ಕೊಡುವ ಹೊಸ ರೂಢಿಯನ್ನು ಮನಸಾರೆ ಹೊಗಳುತ್ತದೆ. ಅಲಂಕಾರದ ಸೂಕ್ಷ್ಮ ಭಾಗಗಳನ್ನು ಚಿತ್ರಕಾರನೇ ಕುಂಚದಿಂದ ತುಂಬುವುದರಿಂದ ಅವು ಶ್ರೀಮಂತವಾಗಿ ಕಾಣುತ್ತವೆ, ಚೌಕಟ್ಟನ್ನೂ ಮಹಾಗನಿಗೆ ಬೇಕಾಗುವುದಕ್ಕಿಂತ ತೆಳುವಾಗಿ ಮಾಡಬಹುದು ಎಂಬುದು ಅದರ ತಾತ್ಪರ್ಯ. ಮರದ ಪಕ್ಷದವರು ಈ ಎರಡನೆಯ ಮಾತನ್ನು ಗಮನಿಸುವುದೇ ಇಲ್ಲ. ಬಡಗಿಯು ಕಾಲನ್ನು ಸಣ್ಣದಾಗಿ ಕಡೆಯುವಾಗಲೇ ಬಣ್ಣವನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾನೆ. ಆಕಾರವೇ ಬಣ್ಣದಿಂದ ಹುಟ್ಟಿದೆ.

ಹೀಗಿದ್ದರೂ ಈ ವಸ್ತುಗಳಿಗೆ ಎರಡು ದಿಕ್ಕಿನಿಂದ ಹಾನಿಯಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹಳೆಯ ಶೈಲಿಗೆ ಬೇಡಿಕೆ ಮರಳಿದಾಗ, ಚಿತ್ತಾರವಿಲ್ಲದ ಸ್ಯಾಟಿನ್‌ವುಡ್ ಮೇಜುಗಳ ಮೇಲೆ ಹೂಮಾಲೆ, ಅಪ್ಸರೆಯರನ್ನು ಹೊಸದಾಗಿ ಬರೆದು, ಕಲಾವಿದೆ ಆಂಜೆಲಿಕಾ ಕೌಫ್‌ಮನ್‌ಳ ಹೆಸರನ್ನು ಅಂಟಿಸುವ ವ್ಯಾಪಾರ ನಡೆಯಿತು. ಅವಳ ಚಿತ್ರಗಳ ಅಚ್ಚುಪ್ರತಿಗಳನ್ನು ನೋಡಿ ಅಲಂಕಾರಕಾರರು ನಕಲು ಮಾಡಿದ್ದುಂಟೇ ಹೊರತು ಪೀಠೋಪಕರಣಗಳ ಮೇಲೆ ಅವಳೇ ಚಿತ್ರಿಸಿದಳೆನ್ನಲು ಆಧಾರವಿಲ್ಲ. 1960-70ರ ದಶಕಗಳಲ್ಲಿ ಇದಕ್ಕೆ ವಿರುದ್ಧವಾದ ಗೀಳು ಬಂದು, ಬಣ್ಣದ ಪೈನ್ ಬೀರುಗಳನ್ನು ಕಾಸ್ಟಿಕ್ ಸೋಡಾದ ತೊಟ್ಟಿಯಲ್ಲಿ ಮುಳುಗಿಸಿ ಬರಿಮರವಾಗಿಸುವುದೇ ಸುರುಚಿಯೆನಿಸಿತು. ಆ ಕ್ಷಾರವು ಬಣ್ಣದ ಜತೆಗೆ ಸೀಮೆಸುಣ್ಣ ಮತ್ತು ಸರೇಸಿನ ತಳಲೇಪವನ್ನೂ ತಿನ್ನುತ್ತದೆ, ಕೀಲುಗಳ ಸರೇಸನ್ನೂ ಸಡಿಲಿಸುತ್ತದೆ. ಸರೇಸು ಪ್ರಾಣಿಗಳ ತೊಗಲು-ಮೂಳೆಗಳಿಂದ ತೆಗೆದ ಅಂಟು. ಮೊದಲನೆಯದು ವಂಚನೆ, ಎರಡನೆಯದು ನಾಶ. ವಂಚನೆಯನ್ನು ತಜ್ಞರು ಪತ್ತೆಹಚ್ಚಬಹುದು, ತೊಟ್ಟಿಯಲ್ಲಿ ಕರಗಿದ್ದು ಮರಳಿ ಬಾರದು.

ಹೆಪಲ್‌ವೈಟ್ ಗ್ರಂಥದ ಮತ್ತೊಂದು ಸೂಚನೆ ಬೇರೆಡೆಗೆ ಸೆಳೆಯುತ್ತದೆ: ಇಂಥ ಕುರ್ಚಿಗಳಿಗೆ ಅವುಗಳ ಬಣ್ಣಕ್ಕೆ ಹೊಂದುವ ನಾರಗಸೆ ಅಥವಾ ಹತ್ತಿಬಟ್ಟೆಯ ದಿಂಬುಗಳೇ ಇರಬೇಕು. ಬಣ್ಣದ ಮರಕ್ಕೂ ಹತ್ತಿಗೂ ಇರುವ ಈ ನಂಟು ಅತ್ಯಂತ ಚೆನ್ನಾಗಿ ಕಾಣುವುದು, ನಟ ಡೇವಿಡ್ ಗ್ಯಾರಿಕ್‌ನ ಥೇಮ್ಸ್ ದಂಡೆಯ ಹ್ಯಾಂಪ್ಟನ್ ಮನೆಗಾಗಿ ಥಾಮಸ್ ಚಿಪ್ಪೆಂಡೇಲ್‌ನ ಕಾರ್ಖಾನೆ ಮಾಡಿಕೊಟ್ಟ, ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವ ಮಂಚದಲ್ಲಿ. ಕೆನೆ ಮತ್ತು ಹಸಿರು ಬಣ್ಣದ ಆ ಮಂಚದ ಪರದೆಗಳು ಮಚಲೀಪಟ್ಟಣದ ಚೀಟಿನ ಬಟ್ಟೆಯವು. ಕಲ್ಕತ್ತೆಯ ರಂಗಮಂದಿರಕ್ಕೆ ನೆರವಾದ ಗ್ಯಾರಿಕ್‌ನಿಗೆ ಅಲ್ಲಿನ ಇಂಗ್ಲಿಷರು ಅದನ್ನು ಉಡುಗೊರೆಯಾಗಿ ಕಳುಹಿಸಿದರು. ಭಾರತದ ಚಿತ್ತಾರದ ಬಟ್ಟೆಗೆ ನಿಷೇಧವಿದ್ದುದರಿಂದ ಸುಂಕದವರು ಅದನ್ನು ವಶಪಡಿಸಿಕೊಂಡರು, ಅವನು ಖಜಾನೆಯ ಅಧಿಕಾರಿಗೆ ಮನವಿ ಬರೆಯಬೇಕಾಯಿತು.

ಮಚಲೀಪಟ್ಟಣವಿರುವ ಕೋರಮಂಡಲ ಕರಾವಳಿಯ ಕುಶಲಕರ್ಮಿಯು ಪಟಿಕದ ದ್ರಾವಣದಿಂದ ಗೆರೆ ಬರೆದು, ಬೇರಿನಿಂದ ತೆಗೆದ ಕೆಂಪು ಬಣ್ಣದಲ್ಲಿ ಅದ್ದಿದಾಗ ವರ್ಣವು ಹತ್ತಿಯ ಎಳೆಯೊಳಗೇ ಕಚ್ಚಿಕೊಳ್ಳುತ್ತದೆ. ಆದುದರಿಂದ ಆ ಬಟ್ಟೆಯನ್ನು ಒಗೆಯಬಹುದಿತ್ತು, ಯೂರೋಪು ಬೆರಗಾದದ್ದೂ ಅದಕ್ಕೇ. ಚಿಪ್ಪೆಂಡೇಲ್‌ನ ಚಿತ್ರಕಾರರ ಬಣ್ಣವಾದರೋ ಮರದ ಮೇಲೆ ಪದರವಾಗಿ ಕುಳಿತಿರುತ್ತದೆ, ಕಾಲಕ್ರಮದಲ್ಲಿ ಅದರ ಮೇಲಿನ ವಾರ್ನಿಷ್ ಹಳದಿಗಟ್ಟಿ ಬಿಳಿಯನ್ನು ಕೆನೆಯಾಗಿಸುತ್ತದೆ, ನೀಲಿಯನ್ನು ಹಸಿರಾಗಿ ತೋರಿಸುತ್ತದೆ. ಹೀಗಾಗಿ ಹಳೆಯ ಕುರ್ಚಿಗೆ ಹೊಸ ದಿಂಬು ಹೊಲಿಸುವವರು ಕಣ್ಣಿಗೆ ಕಾಣುವ ಬಣ್ಣವನ್ನು ನಂಬಿ ಬಟ್ಟೆ ಆರಿಸಬಾರದು. ಸಾಸಿವೆಯಷ್ಟು ಬಣ್ಣದ ಚಕ್ಕೆಯನ್ನು ರಾಳದಲ್ಲಿ ಹುದುಗಿಸಿ, ಅಡ್ಡಲಾಗಿ ಉಜ್ಜಿ, ಸೂಕ್ಷ್ಮದರ್ಶಕದಡಿ ಪದರಗಳನ್ನು ಓದಿಸಿದ ಮೇಲೆಯೇ ಆ ಕೆಲಸಕ್ಕೆ ಕೈಹಾಕಬೇಕು.