ನಂಬಿಕೆಗೆ ಕೊಡಬೇಕಾದ ಲೆಕ್ಕ

ಡಬ್ಲ್ಯು. ಕೆ. ಕ್ಲಿಫರ್ಡನು (1845–1879) ವೃತ್ತಿಯಿಂದ ಗಣಿತಜ್ಞ. ತತ್ತ್ವವಿಚಾರದ ಓದುಗರಾದರೋ ಅವನನ್ನು ನೆನೆಯುವುದು 1877ರಲ್ಲಿ ಅಚ್ಚಾದ ‘ನಂಬಿಕೆಯ ನೀತಿ’ ಎಂಬ ಪ್ರಬಂಧದಿಂದ. ತಕ್ಕ ಆಧಾರವಿಲ್ಲದೆ ನಂಬುವುದು ಬುದ್ಧಿಯ ದೋಷ ಮಾತ್ರವಲ್ಲ, ನೀತಿಯ ದೋಷವೂ ಹೌದು. ಈ ನಿಯಮಕ್ಕೆ ಅಪವಾದವಿಲ್ಲ ಎಂಬುದು ಅದರ ಪ್ರತಿಜ್ಞೆ. ಪ್ರತಿಜ್ಞೆ ಕಠಿನವಾದದ್ದು. ಅದರ ಭಾರವನ್ನು ಹೊತ್ತಿರುವುದು ಆರಂಭದಲ್ಲಿಯೇ ಬರುವ ಒಂದು ಕಥೆ.

ಹಡಗಿನ ಒಡೆಯನೊಬ್ಬನು ವಲಸೆ ಹೋಗುವವರನ್ನು ತುಂಬಿಕೊಂಡ ಹಡಗನ್ನು ಕಡಲಿಗೆ ಬಿಡುವುದರಲ್ಲಿದ್ದಾನೆ. ಹಡಗು ಹಳೆಯದು, ಹಲವು ಸಲ ದುರಸ್ತಿ ಕಂಡದ್ದು. ಒಡೆಯನಿಗೆ ಸಂದೇಹ ಹುಟ್ಟುತ್ತದೆ, ಪರೀಕ್ಷಿಸಹೋದರೆ ಖರ್ಚು. ಎಷ್ಟೋ ಬಿರುಗಾಳಿಗಳನ್ನು ದಾಟಿದ ಹಡಗು ಈ ಸಲವೂ ದಾಟೀತು ಎಂದು ಮನಸ್ಸನ್ನು ಒಲಿಸಿಕೊಳ್ಳುತ್ತಾನೆ. ಉಳಿದುದನ್ನು ದೈವಕ್ಕೆ ಬಿಡುತ್ತಾನೆ. ಹಡಗು ಮುಳುಗುತ್ತದೆ, ಅವನಿಗೆ ವಿಮೆಯ ಹಣ ದೊರೆಯುತ್ತದೆ. ಇಷ್ಟಕ್ಕೇ ನಿಂತಿದ್ದರೆ ಇದೊಂದು ಸಾಮಾನ್ಯ ನೀತಿಕಥೆ. ಹಡಗು ಸುಖವಾಗಿ ದಡ ಸೇರಿದ್ದರೂ ಒಡೆಯನ ಅಪರಾಧ ಎಳ್ಳಷ್ಟೂ ಕಡಮೆಯಾಗದೆಂದು ಕ್ಲಿಫರ್ಡನು ಮುಂದುವರಿಯುತ್ತಾನೆ. ಪ್ರಬಂಧದ ಸತ್ತ್ವವೆಲ್ಲ ಇಲ್ಲಿದೆ. ಫಲವನ್ನು ನೋಡಿ ತೀರ್ಪು ಕೊಡುವುದು ಲೋಕರೂಢಿ. ಇಲ್ಲಿ ವಿಚಾರಣೆಗೆ ಗುರಿಯಾಗುವುದು ನಂಬಿಕೆ ಬಂದ ದಾರಿ.

ದೃಷ್ಟಾಂತವು ಆ ಕಾಲದ ಓದುಗರಿಗೆ ದೂರದ್ದಾಗಿರಲಿಲ್ಲ. ಜೀರ್ಣವಾದ ಹಡಗುಗಳ ವಿರುದ್ಧ ಸ್ಯಾಮ್ಯುಯೆಲ್ ಪ್ಲಿಮ್‌ಸಾಲನು ಹೂಡಿದ ಹೋರಾಟದ ಫಲವಾಗಿ 1876ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಶಾಸನ ಮಾಡಿತ್ತು. ಕ್ಲಿಫರ್ಡನಾದರೂ 1870ರಲ್ಲಿ ಸೂರ್ಯಗ್ರಹಣದ ವೀಕ್ಷಣೆಗೆ ಹೊರಟು, ಸಿಸಿಲಿಯ ಬಳಿ ಹಡಗೊಡೆದು, ಬದುಕಿ ಬಂದವನು.

ಆದರೂ ಕಥೆಯು ಪ್ರತಿಜ್ಞೆಯನ್ನು ಪೂರ್ತಿಯಾಗಿ ಸಾಧಿಸುವುದಿಲ್ಲ. ಒಡೆಯನು ಮಾಡಿದ್ದು ಎದ್ದ ಸಂದೇಹವನ್ನು ಅದುಮಿದ ತಪ್ಪು; ಆಧಾರ ಸಾಲದೆ ಹೋಗುವುದು ಬೇರೆ ಮಾತು. ವಿಜ್ಞಾನದಲ್ಲಿ ಆಧಾರ ಎಂದಿಗೂ ಪೂರ್ಣವಲ್ಲ; ಹಾಗಿರುವಾಗ ‘ಇಷ್ಟು ಸಾಕು’ ಎನ್ನುವ ಅಳತೆ ಯಾವುದು? ನಂಬಿಕೆ ಸಲ್ಲದ ಕಡೆಯೂ ಸಂಭವವನ್ನು ತೂಗಿ ನಡೆಯುವುದು ಕರ್ತವ್ಯವಾಗಬಹುದೆಂದು ಕ್ಲಿಫರ್ಡನೇ ಒಪ್ಪುತ್ತಾನೆ. (ಅವನನ್ನು ಖಂಡಿಸುವವರು ಹಲವರು ಅಷ್ಟು ದೂರ ಓದಿದಂತೆ ಕಾಣದು.) ಅಳತೆಯನ್ನು ಮಾತ್ರ ಅವನು ಹೇಳಲಿಲ್ಲ.

1896ರಲ್ಲಿ ವಿಲಿಯಂ ಜೇಮ್ಸನು ಕೊಟ್ಟ ಉತ್ತರ ಪ್ರಸಿದ್ಧವಾದದ್ದು: ತೀರ್ಮಾನವನ್ನು ತಡೆಹಿಡಿಯುವುದೂ ಒಂದು ತೀರ್ಮಾನವೇ, ಅದಕ್ಕೂ ಅದರದೇ ಅಪಾಯವುಂಟು. ಮಾತು ನಿಜ. ಆದರೆ ಜೇಮ್ಸನು ಕೊನೆಯಲ್ಲಿ ಬೇರೊಬ್ಬ ಲೇಖಕನಿಂದ ಉದ್ಧರಿಸುವ ಚಿತ್ರದಲ್ಲಿ, ಹಿಮ ಮಂಜುಗಳ ನಡುವೆ ಕಣಿವೆಯ ದಾರಿಯಲ್ಲಿ ನಿಂತವರು ಪಣಕ್ಕೆ ಒಡ್ಡುವುದು ತಮ್ಮ ಪ್ರಾಣವನ್ನು. ಹಡಗಿನ ಒಡೆಯನು ಒಡ್ಡಿದ್ದು ಪರರ ಪ್ರಾಣವನ್ನು. ಇಬ್ಬರಿಗೂ ಒಂದೇ ಅಳತೆ ಸಲ್ಲದು. ಅಪಾಯವು ಯಾರ ತಲೆಯ ಮೇಲೆ ಬೀಳುವುದೋ ಅದನ್ನು ನೋಡಿ ಆಧಾರದ ತೂಕ ಏರಬೇಕು. ಈ ಭೇದವನ್ನು ಜೇಮ್ಸನು ಗಮನಿಸದೆ ಹೋದದ್ದು ಅವನ ವಾದದ ದೊಡ್ಡ ಕೊರತೆ.

ಕ್ಲಿಫರ್ಡನ ಕಥೆ ನೂರು ವರ್ಷಗಳ ಮೇಲೆ ಬಹುಮಟ್ಟಿಗೆ ಹಾಗೆಯೇ ನಡೆದುಹೋಯಿತು. ಅಮೆರಿಕದ ವ್ಯೋಮನೌಕೆ ಚಾಲೆಂಜರ್ 1986ರ ಜನವರಿ 28ರಂದು ಹಾರಿದ 73 ಸೆಕೆಂಡುಗಳಲ್ಲಿ ಒಡೆದು, ಏಳು ಮಂದಿ ಮಡಿದರು. ರಾಕೆಟ್ಟಿನ ಕೀಲುಗಳಲ್ಲಿದ್ದ ರಬ್ಬರಿನ ಉಂಗುರಗಳು ಚಳಿಗೆ ಬಿಗಿತು ಪುಟಿತವನ್ನು ಕಳೆದುಕೊಳ್ಳುವುವೆಂದು ಆ ರಾಕೆಟ್ಟನ್ನು ತಯಾರಿಸಿದ ಸಂಸ್ಥೆಯ ಇಂಜಿನಿಯರುಗಳು ಹಿಂದಿನ ರಾತ್ರಿಯೇ ಹಾರಾಟವನ್ನು ವಿರೋಧಿಸಿದ್ದರು. ಅವರ ಕೈಯಲ್ಲಿದ್ದ ಅಂಕಿಗಳು ಸ್ವಲ್ಪ. ಸುರಕ್ಷಿತವೆಂದು ಸಾಧಿಸುವ ಹೊಣೆ ಹಾರಿಸುವವರದಾಗಿರಬೇಕಿತ್ತು. ಅಪಾಯವಿದೆಯೆಂದು ಸಾಧಿಸುವ ಹೊಣೆ ಸಂದೇಹಪಟ್ಟವರ ಮೇಲೆ ಬಿತ್ತು. ವಿಚಾರಣಾ ಆಯೋಗದ ಸದಸ್ಯನಾಗಿದ್ದ ರಿಚರ್ಡ್ ಫೈನ್‌ಮನ್ ತನ್ನ ಪ್ರತ್ಯೇಕ ಟಿಪ್ಪಣಿಯಲ್ಲಿ, ನೌಕೆ ನಾಶವಾಗುವ ಸಂಭವವನ್ನು ಇಂಜಿನಿಯರುಗಳು ನೂರಕ್ಕೆ ಒಂದರ ಸುಮಾರಿಗೆ, ಆಡಳಿತದವರು ಲಕ್ಷಕ್ಕೆ ಒಂದೆಂದು ಎಣಿಸಿದ್ದನ್ನು ಎತ್ತಿ ತೋರಿಸಿದನು. ಹಿಂದಿನ ಹಾರಾಟಗಳಲ್ಲಿ ಉಂಗುರ ಸವೆದೂ ನೌಕೆ ಮರಳಿ ಬಂದದ್ದನ್ನೇ ಕ್ಷೇಮಕ್ಕೆ ಸಾಕ್ಷಿಯಾಗಿ ಹಿಡಿಯಲಾಗಿತ್ತು. ಒಡೆಯನ ಬಿರುಗಾಳಿಯ ತರ್ಕವೇ ಇದು! 2003ರಲ್ಲಿ ಕೊಲಂಬಿಯಾ ಹೋಯಿತು. 2011ರಲ್ಲಿ ಆ ಯೋಜನೆ ಮುಗಿಯುವ ವೇಳೆಗೆ 135 ಹಾರಾಟಗಳಲ್ಲಿ ಎರಡು ನೌಕೆಗಳು ನಾಶವಾಗಿದ್ದವು.

ಕ್ಲಿಫರ್ಡನು ಊಹಿಸದ ಒಂದು ಸಂಗತಿ ಇಲ್ಲಿದೆ. ಅವನ ಒಡೆಯನು ಒಬ್ಬನೇ. ಸಂದೇಹವನ್ನು ತಾನೇ ಕಂಡು ತಾನೇ ಅದುಮಿದನು. ಆ ರಾತ್ರಿಯ ಸಂದೇಹವನ್ನಾದರೋ ಎದ್ದು ಹೇಳಿದವರುಂಟು. ಅದು ಮೇಜಿನಿಂದ ಮೇಜಿಗೆ ಸಾಗುತ್ತ ಸಾಗುತ್ತ ತೆಳುವಾಯಿತು. ಹಡಗು ಹತ್ತಿದ ವಲಸಿಗರಿಗೆ ಪ್ರಬಂಧದಲ್ಲಿ ಹೆಸರಿಲ್ಲ, ಮಾತಿಲ್ಲ. ಒಡೆಯನ ಮನಸ್ಸಿನ ಒಳಗನ್ನು ಅಷ್ಟು ಸೂಕ್ಷ್ಮವಾಗಿ ಶೋಧಿಸಿದ ಕ್ಲಿಫರ್ಡನು ಅವರನ್ನು ಒಮ್ಮೆಯೂ ಕೇಳುವುದಿಲ್ಲ. ಹಿಂದಿನ ರಾತ್ರಿಯ ಚರ್ಚೆ ಚಾಲೆಂಜರಿನ ಯಾತ್ರಿಗಳ ಕಿವಿಗೂ ಬಿದ್ದಿರಲಿಲ್ಲ.