ಬಾಡಿಗೆಯಿಲ್ಲದ ಮನೆ, ಭದ್ರತೆಯಿಲ್ಲದ ದುಡ್ಡು

ಕೆ.ಆರ್. ಪುರ, ರಾಮಮೂರ್ತಿನಗರ, ಹೂಡಿಯ ಅಡ್ಡರಸ್ತೆಗಳಲ್ಲಿ ‘ಮನೆ ಲೀಸ್‌ಗಿದೆ’ ಎಂಬ ಚೀಟಿಗಳು ಗೇಟು, ಕಂಬ, ಕಾಂಪೌಂಡುಗಳ ಮೇಲೆಲ್ಲ ಕಾಣುತ್ತವೆ. ಇಷ್ಟು ಲಕ್ಷ ಎಂದು ಒಂದೇ ಗಂಟಿನಲ್ಲಿ ಕೊಟ್ಟರೆ ಎರಡು ಮೂರು ವರ್ಷ ಬಾಡಿಗೆಯ ಮಾತಿಲ್ಲ. ಮನೆ ಬಿಡುವಾಗ ಕೊಟ್ಟ ದುಡ್ಡು ಪೂರ್ತಿ ವಾಪಸ್. ಹಳ್ಳಿಯಲ್ಲಿ ಹೊಲವನ್ನು ಭೋಗ್ಯಕ್ಕೆ ಹಾಕುತ್ತಿದ್ದ ಪದ್ಧತಿಯೇ ಇಲ್ಲಿ ಮನೆಗೆ ಬಂದಿದೆ. ಮಾಲೀಕರಿಗೂ ವಾಸಕ್ಕೆ ಬರುವವರಿಗೂ ಅನುಕೂಲವೆಂದು ಹೆಸರಾದ ಈ ವ್ಯವಸ್ಥೆ, ಈಗ ನಡೆಯುತ್ತಿರುವ ರೀತಿಯಲ್ಲಿ, ಇಬ್ಬರನ್ನೂ ಅಪಾಯದಲ್ಲಿ ನಿಲ್ಲಿಸಿದೆ.

ಪೂರ್ವ ಬೆಂಗಳೂರಿನಲ್ಲಿ ಇದು ಬೇರೂರಲು ಕಾರಣವಿದೆ. ಕೆ.ಆರ್. ಪುರ, ಮಹದೇವಪುರ 2007ರಲ್ಲಿ ಬಿಬಿಎಂಪಿಗೆ ಸೇರುವ ಮೊದಲು ಬೇರೆ ಬೇರೆ ನಗರಸಭೆಗಳಾಗಿದ್ದವು. ಕಂದಾಯ ಭೂಮಿಯಲ್ಲಿ ಎದ್ದ ಬಡಾವಣೆಗಳ ಎಷ್ಟೋ ಸೈಟುಗಳಿಗೆ, ನಿಯಮಬದ್ಧವಲ್ಲದ ಸ್ವತ್ತುಗಳಿಗೆ ಕೊಡುತ್ತಿದ್ದ ಬಿ ಖಾತೆ ಬಂತು; ಬಿ ಖಾತೆ ಎಂದರೆ ಬ್ಯಾಂಕುಗಳು ಸಾಲ ಕೊಡಲು ಹಿಂದೆಮುಂದೆ ನೋಡಿದವು. ಮೂವತ್ತು–ನಲವತ್ತರ ಸೈಟಿನಲ್ಲಿ ಮಹಡಿ ಮೇಲೆ ಮಹಡಿ ಕಟ್ಟುವವರು ಕೆಳಗಿನ ಮನೆಯ ಭೋಗ್ಯದ ಹಣದಲ್ಲಿ ಮೇಲಿನ ಮೋಲ್ಡ್ ಹಾಕಿಸಿದರು. ಇಂದಿರಾನಗರದಲ್ಲಿ ತಿಂಗಳ ಬಾಡಿಗೆಯೇ ದೊಡ್ಡದು, ಅಲ್ಲಿ ಅಡ್ವಾನ್ಸ್ ಸಾಕು.

ಲೆಕ್ಕ ಹಾಕಿ ನೋಡಬೇಕು. ತಿಂಗಳಿಗೆ ₹15,000 ಬಾಡಿಗೆ ಬರಬಹುದಾದ ಮನೆಯನ್ನು ₹15 ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟರು ಎಂದುಕೊಳ್ಳೋಣ. ಮಾಲೀಕರು ವರ್ಷಕ್ಕೆ ₹1.80 ಲಕ್ಷ ಬಾಡಿಗೆ ಬಿಟ್ಟುಕೊಡುತ್ತಾರೆ. ಅಷ್ಟೇ ಹಣವನ್ನು ಬ್ಯಾಂಕಿನಿಂದ ಶೇ 9ರ ಬಡ್ಡಿಗೆ ತಂದಿದ್ದರೆ ಬಡ್ಡಿ ₹1.35 ಲಕ್ಷ. ಅಂದರೆ ಬಡ್ಡಿಯಿಲ್ಲದ ದುಡ್ಡು ಎಂದು ಸಂತೋಷಪಡುವ ಭೋಗ್ಯ, ಸಾಲ ಸಿಗುವವರಿಗೆ ನಷ್ಟದ ಬಾಬ್ತು. ಮನೆಗೆ ಬರುವವರಿಗೆ ಮಾತ್ರ ಲಾಭ ಎದ್ದು ಕಾಣುತ್ತದೆ. ಆ ₹15 ಲಕ್ಷ ಶೇ 7ರ ಠೇವಣಿಯಲ್ಲಿದ್ದರೆ ಬರುತ್ತಿದ್ದುದು ₹1.05 ಲಕ್ಷ, ಉಳಿತಾಯ ₹75,000. ಆದರೆ ಈ ಉಳಿತಾಯಕ್ಕಾಗಿ ಅವರು ಪಣಕ್ಕಿಡುವುದು ಅಸಲನ್ನು.

ಆ ಅಸಲಿಗೆ ಆಧಾರವಾಗಿ ಅವರ ಕೈಯಲ್ಲಿರುವುದೇನು? ಸಾಮಾನ್ಯವಾಗಿ ಕಡಿಮೆ ಬೆಲೆಯ ಒಂದು ಇ-ಸ್ಟ್ಯಾಂಪ್ ಕಾಗದ, ಟೈಪ್ ಮಾಡಿದ ಎರಡು ಮೂರು ಹಾಳೆ, ಇಬ್ಬರ ಸಹಿ, ನೋಟರಿಯ ಕೆಂಪು ಮೊಹರು. ಕಾನೂನು ಇದಕ್ಕೆ ಒಪ್ಪುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿಯಾಗಲೇಬೇಕು. ಸಾಲಕ್ಕೆ ಬದಲಾಗಿ ಮನೆಯನ್ನು ಸ್ವಾಧೀನಕ್ಕೆ ಕೊಟ್ಟ ಅಡಮಾನವಾದರೆ, ₹100 ಮೇಲ್ಪಟ್ಟ ಯಾವ ಮೊತ್ತಕ್ಕೂ ನೋಂದಣಿ ಕಡ್ಡಾಯ. ಯಾವ ಕಡೆಯಿಂದ ನೋಡಿದರೂ ಸಬ್ ರಿಜಿಸ್ಟ್ರಾರ್ ಕಚೇರಿಯನ್ನು ತಪ್ಪಿಸಿಕೊಳ್ಳುವ ದಾರಿಯಿಲ್ಲ. ಮುದ್ರಾಂಕ ಶುಲ್ಕ ಕಡಿಮೆ ಕಟ್ಟಿದ ಪತ್ರವನ್ನು ನ್ಯಾಯಾಲಯದಲ್ಲಿ ಹಾಜರುಪಡಿಸಿದರೆ, ಬಾಕಿ ಶುಲ್ಕದ ಜೊತೆ ಹತ್ತು ಪಟ್ಟು ದಂಡ ಕಟ್ಟುವ ಪ್ರಸಂಗವೂ ಬರುತ್ತದೆ.

ಮನೆಯ ಮೇಲೆ ಮೊದಲೇ ಬ್ಯಾಂಕ್ ಸಾಲವಿದ್ದರಂತೂ ಗತಿ ಕಷ್ಟ. ಸ್ವತ್ತು ವರ್ಗಾವಣೆ ಕಾಯ್ದೆಯ 65-ಎ ಕಲಂ, ಅಡಮಾನವಾದ ಮನೆಯನ್ನು ಗುತ್ತಿಗೆಗೆ ಕೊಡುವಾಗ ಮುಂಗಡ ಬಾಡಿಗೆಯನ್ನಾಗಲಿ ಇಡಿಗಂಟನ್ನಾಗಲಿ ತೆಗೆದುಕೊಳ್ಳಬಾರದು ಎನ್ನುತ್ತದೆ. ಭೋಗ್ಯದ ಜೀವಾಳವೇ ಇಡಿಗಂಟು. ಮಾಲೀಕರು ಕಂತು ತಪ್ಪಿಸಿದರೆ ಬ್ಯಾಂಕು 2002ರ ಸರ್ಫೇಸಿ ಕಾಯ್ದೆಯಡಿ ಮನೆಯನ್ನು ವಶಕ್ಕೆ ಪಡೆದು ಹರಾಜು ಹಾಕುತ್ತದೆ. ಬಾಗಿಲಿಗೆ ನೋಟಿಸ್ ಅಂಟಿದ ದಿನವೇ ಎಷ್ಟೋ ಕುಟುಂಬಗಳಿಗೆ ಸಾಲದ ವಿಷಯ ತಿಳಿಯುವುದು. ನೋಂದಣಿಯಾಗದ ಒಪ್ಪಂದದ ಬಾಡಿಗೆದಾರರು ಇಂಥ ಸಂದರ್ಭದಲ್ಲಿ ಒಂದು ವರ್ಷಕ್ಕಿಂತ ಹೆಚ್ಚಿನ ರಕ್ಷಣೆ ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ.

ಮಾಲೀಕರ ಸಂಕಟವೂ ಸಣ್ಣದಲ್ಲ. ಬಂದ ದುಡ್ಡು ಕಟ್ಟಡದಲ್ಲಿ ಸೇರಿಹೋಗಿರುತ್ತದೆ. ವಾಪಸ್ ಕೊಡಬೇಕಾದರೆ ಹೊಸ ಭೋಗ್ಯದವರು ಬರಬೇಕು. ಅವರು ಸಿಗದಿದ್ದರೆ ಹಳಬರು ಮನೆ ಬಿಡುವುದಿಲ್ಲ, ಬಾಡಿಗೆಯೂ ಹುಟ್ಟುವುದಿಲ್ಲ. ₹20,000 ಅಥವಾ ಅದಕ್ಕಿಂತ ಹೆಚ್ಚಿನ ಸಾಲ, ಠೇವಣಿಯನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಪಡೆದಷ್ಟೇ ಮೊತ್ತದ ದಂಡಕ್ಕೆ ಅವಕಾಶವಿದೆ. ಆದರೂ ‘ಅರ್ಧ ಕ್ಯಾಶ್’ ಎಂಬ ಮಾತು ನಿಂತಿಲ್ಲ. ಇದರ ನಡುವೆ ಮನೆಯನ್ನು ಬಾಡಿಗೆಗೆಂದು ಪಡೆದು, ಮಾಲೀಕರಿಗೆ ತಿಳಿಯದಂತೆ ಬೇರೆಯವರಿಗೆ ಭೋಗ್ಯಕ್ಕೆ ಕೊಟ್ಟು ಪರಾರಿಯಾಗುವ ಮಧ್ಯವರ್ತಿಗಳಿದ್ದಾರೆ. ಕಳೆದುಕೊಂಡ ಎರಡು ಮನೆಯವರು ಆಮೇಲೆ ಒಬ್ಬರನ್ನೊಬ್ಬರು ದೂರುತ್ತ ಠಾಣೆಯಲ್ಲಿ ಎದುರಾಗುತ್ತಾರೆ.

ದಕ್ಷಿಣ ಕೊರಿಯಾದ ‘ಜೋನ್ಸೆ’ ಥೇಟ್ ಇದೇ ಪದ್ಧತಿ. ಅಲ್ಲಿಯೂ ವಂಚನೆ ಹೆಚ್ಚಿ, 2023ರಲ್ಲಿ ಸಂತ್ರಸ್ತರಿಗಾಗಿ ವಿಶೇಷ ಕಾನೂನು ತರಬೇಕಾಯಿತು. ಆದರೆ ಅಲ್ಲಿ ವಾಸಕ್ಕೆ ಬಂದವರು ಸ್ಥಳೀಯ ಕಚೇರಿಯಲ್ಲಿ ವಿಳಾಸ ದಾಖಲಿಸಿ, ಒಪ್ಪಂದಕ್ಕೆ ದಿನಾಂಕದ ಮೊಹರು ಹಾಕಿಸಿದರೆ, ಆಮೇಲೆ ಸಾಲ ಕೊಟ್ಟವರಿಗಿಂತ ಅವರ ಠೇವಣಿಗೆ ಆದ್ಯತೆ ಸಿಗುತ್ತದೆ. ಕರ್ನಾಟಕಕ್ಕೆ ಬೇಕಿರುವುದು ಇಂಥ ಸುಲಭದ, ಕಡಿಮೆ ಖರ್ಚಿನ ದಾಖಲಾತಿ. ಭೋಗ್ಯವನ್ನು ನಿಷೇಧಿಸಿದರೆ ಅದು ಇನ್ನಷ್ಟು ಕತ್ತಲಿಗೆ ಸರಿಯುತ್ತದೆ, ಅಷ್ಟೇ.

ಸರ್ಕಾರ ಇಂಥ ದಾಖಲಾತಿ ತರುವವರೆಗೆ ದುಡ್ಡು ಕೊಡುವವರು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಲಿ. ಪತ್ರ ಒತ್ತೆಯಿಟ್ಟು ತಂದ ಸಾಲ ಇಸಿಯಲ್ಲಿ ಕಾಣದೆಯೂ ಇರಬಹುದು, ಹಾಗಾಗಿ ಮೂಲ ಕ್ರಯಪತ್ರವನ್ನು ಕಣ್ಣಾರೆ ನೋಡಲಿ, ಹಣವನ್ನು ಮಾಲೀಕರ ಖಾತೆಗೇ ಹಾಕಲಿ. ನೋಂದಣಿ ಬೇಡ ಎನ್ನುವ ಮಾಲೀಕರ ಮನೆ ಎಷ್ಟೇ ಚೆನ್ನಾಗಿದ್ದರೂ ಬೇಡ.